ನೆಲಕ್ಕೆ ಎಷ್ಟು ಸಲ ಕೂರುತ್ತೀರಿ?

ಕಳೆದ ತಿಂಗಳು ಮೈಸೂರಿನಲ್ಲಿ, ನಮ್ಮ ಬಡಾವಣೆಯ ಹಿರಿಯರ ಸಭೆಯಲ್ಲಿ ಆಡಿದ ಮಾತು ಇದು. ಬಂದವರಲ್ಲಿ ಕೆಲವರು ಬರೆದು ಕೊಡಿ ಅಂದರು. ಆದಷ್ಟು ಮಾತಾಡಿದ ಹಾಗೆಯೇ ಬರೆದಿದ್ದೇನೆ. ಅವತ್ತು ಹೊತ್ತು ಸಾಲದೆ ಬಿಟ್ಟದ್ದನ್ನು ಸೇರಿಸಿದ್ದೇನೆ. ರೋಗಿಗಳ ಗುರುತು ಸಿಗದ ಹಾಗೆ ಊರು, ವಯಸ್ಸು, ಕೆಲಸ ಬದಲಾಯಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಈಗ ನಾಡಗೀತೆಗೆ ಎಲ್ಲರೂ ಎದ್ದು ನಿಂತಿರಲ್ಲ, ಆಗ ನಾನು ನಿಮ್ಮ ಮುಖ ನೋಡುತ್ತಿರಲಿಲ್ಲ, ಮಂಡಿ ನೋಡುತ್ತಿದ್ದೆ. ಹದಿನೇಳು ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ, ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ. ಮುಂದಿನ ಕುರ್ಚಿ ಹಿಡಿದು ಎದ್ದವರು, ಎರಡೂ ಕೈ ತೊಡೆಗೆ ಊರಿ ಎದ್ದವರು, ಎದ್ದ ಮೇಲೆ ಒಂದು ಕ್ಷಣ ಬಗ್ಗಿಯೇ ಇದ್ದು ಆಮೇಲೆ ನೆಟ್ಟಗಾದವರು. ಅರ್ಧಕ್ಕಿಂತ ಜಾಸ್ತಿ ಜನ. ನಿಮ್ಮಲ್ಲಿ ಎಷ್ಟೋ ಜನರಿಗೆ ಡಾಕ್ಟರು ಆಗಲೇ ಹೇಳಿರಬಹುದು, "ಸವೆದಿದೆ, ಗ್ಯಾಪ್ ಇಲ್ಲ, ಚಿಪ್ಪು ಬದಲಾಯಿಸಬೇಕು" ಅಂತ. ಕೆಲವರಿಗೆ ಆಪರೇಶನ್ ಆಗಿಯೂ ಇದೆ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆಪರೇಶನ್ ಬಗ್ಗೆ ಅಲ್ಲ. ಆದ ಮೇಲಿನ ದಿನಗಳ ಬಗ್ಗೆ. ಅದರಲ್ಲೂ ಆದವರು ಮನೆಯವರ ಹತ್ತಿರವೂ ಹೇಳಿಕೊಳ್ಳದ ಒಂದು ಮಾತಿನ ಬಗ್ಗೆ: "ಯಾಕಾದ್ರೂ ಮಾಡಿಸ್ಕೊಂಡೆನೋ."

ಮೊದಲೇ ಹೇಳಿಬಿಡುತ್ತೇನೆ, ನಾನು ಈ ಆಪರೇಶನ್ನಿಗೆ ವಿರೋಧಿ ಅಲ್ಲ. ಹತ್ತು ಹೆಜ್ಜೆ ಇಡಲಾರದೆ ಬಾಗಿಲಲ್ಲೇ ಕೂತುಬಿಟ್ಟಿದ್ದವರು ಆರು ತಿಂಗಳಿಗೆ ಸಂತೆಗೆ ಹೋಗಿ ಬಂದದ್ದನ್ನು ನೋಡಿದ್ದೇನೆ. ನನ್ನ ಅಮ್ಮನಿಗೂ ಆಗಿದೆ. ಅಮ್ಮನನ್ನು ಒಪ್ಪಿಸಿದ್ದು ನಾನೇ. ಅಲ್ಲಿಗೆ ಆಮೇಲೆ ಬರುತ್ತೇನೆ.

ಆಸ್ಪತ್ರೆಯವರು ಇಂಥ ಆಪರೇಶನ್ನಿಗೆ ಎಲೆಕ್ಟಿವ್ ಅನ್ನುತ್ತಾರೆ. ಅಂದರೆ ಬೇಕೋ ಬೇಡವೋ, ಯಾವಾಗ ಅನ್ನೋದನ್ನು ನಾವೇ ಆರಿಸಿಕೊಳ್ಳುವಂಥದ್ದು. ಅಪೆಂಡಿಕ್ಸ್ ಒಡೆದರೆ ಯೋಚನೆ ಮಾಡೋಕೆ ಸಮಯ ಇರುವುದಿಲ್ಲ. ಮಂಡಿ ಹಾಗಲ್ಲ. ಮಗಳ ಮದುವೆ ಮುಗಿಯಲಿ ಅನ್ನಬಹುದು, ಈ ಮಳೆಗಾಲ ಕಳೆಯಲಿ ಅನ್ನಬಹುದು, ಬೇಡವೇ ಬೇಡ ಅಂತಲೂ ಅನ್ನಬಹುದು. ಇದರ ಪಶ್ಚಾತ್ತಾಪ ಬೇರೆ ಥರ ಇರುವುದು ಅದಕ್ಕೇ. ಜೀವ ಉಳಿಸಿಕೊಳ್ಳೋಕೆ ಕೊಯ್ಯಿಸಿಕೊಂಡವರು ಗಾಯ ನೋಡಿಕೊಂಡು "ಸದ್ಯ, ಬದುಕಿದೆ" ಅನ್ನುತ್ತಾರೆ. ಕುಂಟಿಕೊಂಡಾದರೂ ತಾವೇ ನಡೆದು ಆಸ್ಪತ್ರೆಗೆ ಹೋದವರು, ವಾಕರ್ ಹಿಡಿದು ಹೊರಗೆ ಬಂದಾಗ, "ಕೈಯಾರೆ ಮಾಡಿಕೊಂಡೆ" ಅನ್ನುತ್ತಾರೆ.

ಏನು ಮಾಡುತ್ತಾರೆ ಅನ್ನೋದನ್ನು ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಚಿಪ್ಪು ಬದಲಾವಣೆ ಅನ್ನುತ್ತೇವೆ, ಆದರೆ ಎಷ್ಟೋ ಜನರಲ್ಲಿ ಚಿಪ್ಪು ಇದ್ದ ಹಾಗೇ ಇರುತ್ತದೆ. ತೊಡೆ ಮೂಳೆಯ ಕೆಳತುದಿ, ಕಾಲು ಮೂಳೆಯ ಮೇಲ್ತುದಿ ಇವೆರಡನ್ನೂ ತೆಳುವಾಗಿ ಕತ್ತರಿಸಿ ತೆಗೆದು, ಮೇಲೆ ಲೋಹದ ಟೋಪಿ, ಕೆಳಗೆ ಲೋಹದ ತಟ್ಟೆ ಕೂರಿಸುತ್ತಾರೆ. ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ. ಲೋಹ ಸಾಮಾನ್ಯವಾಗಿ ಕೋಬಾಲ್ಟ್ ಕ್ರೋಮಿಯಂ, ಕೆಳಗಿನ ತಟ್ಟೆ ಹೆಚ್ಚಾಗಿ ಟೈಟಾನಿಯಂ. ಅಂಟಿಸಲು ಮೂಳೆ ಸಿಮೆಂಟು. ಈಗಿನ ಮಂಡಿಗಳ ಮೂಲ ಮಾದರಿಯನ್ನು ನ್ಯೂಯಾರ್ಕಿನಲ್ಲಿ 1974ರಲ್ಲಿ ಮೊದಲು ಹಾಕಿದರು. ಅದನ್ನು ಮಾಡಿದ ತಂಡದಲ್ಲಿ ನಮ್ಮ ದೇಶದ ಡಾ. ಚಿತ್ತರಂಜನ್ ರಾಣಾವತ್ ಇದ್ದರು. ಆಗಿನ ಪ್ರಧಾನಿ ವಾಜಪೇಯಿ ಅವರ ಮಂಡಿಗೆ ಮುಂಬೈಯಲ್ಲಿ ಆಪರೇಶನ್ ಮಾಡಿದವರೂ ಇವರೇ. 2000ದ ಅಕ್ಟೋಬರಿನಲ್ಲಿ ಎಡಗಾಲು, 2001ರ ಜೂನಿನಲ್ಲಿ ಬಲಗಾಲು. ಎಂಟು ತಿಂಗಳ ಅಂತರ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಆಗ ಇದು ದೊಡ್ಡವರ ಆಪರೇಶನ್ನು. ಈಗ ತಾಲ್ಲೂಕು ಕೇಂದ್ರಗಳಿಂದಲೂ ಜನ ಬಂದು ಮಾಡಿಸಿಕೊಳ್ಳುತ್ತಾರೆ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಈ ಇಂಪ್ಲಾಂಟಿನ ಬೆಲೆಗೆ ಮಿತಿ ಹಾಕಿತು. ಸರಾಸರಿ 1,58,324 ರೂಪಾಯಿ ಇದ್ದ ಕೋಬಾಲ್ಟ್ ಕ್ರೋಮಿಯಂ ಮಂಡಿ ಒಂದೇ ಸಲಕ್ಕೆ 54,720ಕ್ಕೆ ಇಳಿಯಿತು, ತೆರಿಗೆ ಬೇರೆ. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ನಾನು ಕಂಡ ಮನೆಗಳಲ್ಲಿ ಒಂದು ವಿಷಯ ಗಮನಿಸಿದ್ದೇನೆ. ಎಲ್ಲ ಲೆಕ್ಕಾಚಾರವೂ ದುಡ್ಡಿನ ಸುತ್ತಲೇ ನಡೆಯುತ್ತದೆ. ಇನ್ಶೂರೆನ್ಸ್ ಬರುತ್ತಾ, ರೂಮು ಯಾವುದು, ಯಾರು ರಜೆ ಹಾಕೋದು. ಅದೆಲ್ಲ ಹೊಂದಿತು ಅಂದರೆ ಬೇರೆ ಪ್ರಶ್ನೆಗಳು ಅಲ್ಲಿಗೇ ನಿಂತುಬಿಡುತ್ತವೆ. ಆ ಮಂಡಿ ಯಾರದ್ದೋ ಅವರು ಗೋಡೆಗೆ ಒರಗಿ ಸುಮ್ನೆ ಕೂತಿರುತ್ತಾರೆ.

ಈಗ ಪಶ್ಚಾತ್ತಾಪದ ಮಾತಿಗೆ ಬರೋಣ. ಅದರಲ್ಲಿ ಎರಡು ಥರ ಇದೆ, ಮತ್ತು ಅವೆರಡನ್ನೂ ಒಂದೇ ಅಂದುಕೊಂಡು ಮನೆಯವರು ತಪ್ಪು ಮಾಡುತ್ತಾರೆ.

ಮೊದಲನೆಯದು ಬೇಗ ಬರುವಂಥದ್ದು. ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ಎಲ್ಲ ಚೆನ್ನಾಗಿರುತ್ತದೆ. ಅವತ್ತೇ ಅಥವಾ ಮಾರನೆಯ ದಿನ ಎಬ್ಬಿಸಿ ನಡೆಸುತ್ತಾರೆ, ನೋವಿನ ಔಷಧಿ ಜೋರಾಗಿ ಕೊಟ್ಟಿರುತ್ತಾರೆ, ಎಲ್ಲರೂ ವಿಡಿಯೋ ಮಾಡಿ ಕಳಿಸುತ್ತಾರೆ. ಮನೆಗೆ ಬಂದ ಮೇಲೆ ನಿಜವಾದ ಕೆಲಸ ಶುರು. ಕಾಲು ಕುಂಬಳಕಾಯಿಯ ಹಾಗೆ ಊದಿರುತ್ತದೆ, ಮುಟ್ಟಿದರೆ ಬಿಸಿ. ತೊಡೆಯಿಂದ ಮೀನಖಂಡದವರೆಗೆ ನೀಲಿ, ಆಮೇಲೆ ಹಳದಿ. ಊಟ ಸೇರುವುದಿಲ್ಲ, ಮಾತ್ರೆಗಳಿಂದ ಮಲಬದ್ಧತೆ. ಇದೆಲ್ಲಕ್ಕಿಂತ ಕಷ್ಟ ರಾತ್ರಿ. ಬೆನ್ನ ಮೇಲೆ ಮಲಗಿ ಅಭ್ಯಾಸ ಇಲ್ಲ, ಮಗ್ಗುಲಾದರೆ ಮಂಡಿ ಎಳೆಯುತ್ತದೆ, ದಿಂಬು ಇಟ್ಟರೆ ಒಂದು ಕಷ್ಟ, ಇಡದಿದ್ದರೆ ಇನ್ನೊಂದು. ಎರಡು ಗಂಟೆ, ಮೂರು ಗಂಟೆ, ಗಡಿಯಾರ ನೋಡುತ್ತಾ ಮಲಗಿರುವುದು. ಇಷ್ಟಾದ ಮೇಲೆ ಬೆಳಿಗ್ಗೆ ನಾನು ಹೋಗಿ "ಎಲ್ಲಿ, ಮಡಚಿ ನೋಡೋಣ" ಅನ್ನುತ್ತೇನೆ.

ಒಬ್ಬರು ಮೇಷ್ಟ್ರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಹತ್ತೊಂಬತ್ತನೇ ದಿನ. ಅವರ ಸೊಸೆ ಬಾಗಿಲಲ್ಲೇ ನನ್ನನ್ನು ತಡೆದು, "ರಾತ್ರಿ ಮಾವ ಅಡುಗೆಮನೆಯಲ್ಲಿ ವಾಕರ್ ಹಿಡ್ಕೊಂಡು ನಿಂತು ಅಳ್ತಿದ್ರು, ನಾನು ನೋಡಿದೆ ಅಂತ ಗೊತ್ತಿಲ್ಲ ಅವ್ರಿಗೆ" ಅಂದಳು. ಒಳಗೆ ಹೋದರೆ ಮೇಷ್ಟ್ರು ಮಂಚದ ಅಂಚಿನಲ್ಲಿ ಕೂತಿದ್ದರು. ನನ್ನನ್ನು ನೋಡಿದವರೇ, "ನೋಡಮ್ಮ, ನಂದು ತಪ್ಪಾಯ್ತು. ಇದ್ದ ಕಾಲೇ ವಾಸಿ ಇತ್ತು" ಅಂದರು. ನಾನು ಅವತ್ತು ಎಕ್ಸರ್ಸೈಸ್ ಮಾಡಿಸಲಿಲ್ಲ. ಐಸ್ ಇಟ್ಟು ಪಕ್ಕದಲ್ಲಿ ಕೂತೆ. ಅವರು ಇಪ್ಪತ್ತು ನಿಮಿಷ ಮಾತಾಡಿದರು, ಮಂಡಿ ಬಗ್ಗೆ ಕಮ್ಮಿ, ಸೊಸೆ ಕೈಲಿ ಬೆಡ್‌ಪ್ಯಾನ್ ಎತ್ತಿಸಬೇಕಾಗಿ ಬಂದದ್ದರ ಬಗ್ಗೆ ಜಾಸ್ತಿ. ನಾಲ್ಕು ತಿಂಗಳಾದ ಮೇಲೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಎದುರಾದರು, ಕೋಲೂ ಇಲ್ಲ. ಆವತ್ತಿನ ಮಾತು ನೆನಪಿಸಿದೆ. "ನಾನು ಹಂಗಂದಿದ್ನಾ?" ಅಂದರು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ.

ಈ ಥರದ ಪಶ್ಚಾತ್ತಾಪ ಎರಡನೇ ವಾರದಿಂದ ಆರನೇ ವಾರದೊಳಗೆ ಬಂದು, ಬಹಳ ಜನರಿಗೆ ನಿದ್ದೆ ಮರಳಿದ ಹಾಗೆ ಹೋಗುತ್ತದೆ. ಮೊದಲೇ ಹೇಳಿದ್ದರೆ ಅರ್ಧ ಕಷ್ಟ ಕಡಿಮೆ. ಗಾಯದ ಹೊರಮಗ್ಗುಲಲ್ಲಿ ಒಂದು ಅಂಗೈ ಅಗಲ ಜಾಗ ಮರಗಟ್ಟಿದ ಹಾಗಿರುತ್ತದೆ, ಅಲ್ಲಿನ ಸಣ್ಣ ನರ ಕೊಯ್ದದ್ದರಿಂದ. ಕೆಲವರಿಗೆ ಅದು ಪೂರ್ತಿ ಹೋಗುವುದೇ ಇಲ್ಲ. ನಡೆದರೆ ಒಳಗೆ ಟಕ್ ಟಕ್ ಅನ್ನುತ್ತದೆ, ಲೋಹ ಪ್ಲಾಸ್ಟಿಕ್ಕಿಗೆ ತಾಗುವ ಸದ್ದು. ಬಿಸಿ, ಊತ ತಿಂಗಳುಗಟ್ಟಲೆ ಇರಬಹುದು. ಇವು ಯಾವುವೂ ಕೆಟ್ಟದ್ದಲ್ಲ. ಆದರೆ ಯಾರೂ ಹೇಳದೆ ಇದ್ದಾಗ, ರಾತ್ರಿ ಮೂರು ಗಂಟೆಗೆ ಮಂಡಿ ಟಕ್ ಅಂದರೆ, ಒಳಗೆ ಏನೋ ಕಳಚಿತು ಅಂತಲೇ ಮನಸ್ಸಿಗೆ ಬರೋದು.

ಇಲ್ಲೊಂದು ಎಚ್ಚರಿಕೆ, ಕೈಮುಗಿದು ಹೇಳುತ್ತೇನೆ. ಹೊಲಿಗೆಯ ಸುತ್ತ ಕೆಂಪು ಹರಡುತ್ತಿದ್ದರೆ, ಕೀವು ಅಥವಾ ನೀರು ಬಂದರೆ, ಚಳಿಜ್ವರ ಬಂದರೆ, ಮೀನಖಂಡ ಗಟ್ಟಿಯಾಗಿ ಊದಿ ನೋಯುತ್ತಿದ್ದರೆ, "ಎಲ್ಲರಿಗೂ ಹೀಗೇ ಆಗುತ್ತೆ" ಅಂತ ಕೂರಬೇಡಿ. ಆಪರೇಶನ್ ಮಾಡಿದ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ. ಎದೆನೋವು, ಉಸಿರಾಟದ ಕಷ್ಟ ಬಂದರೆ ಫೋನೂ ಬೇಡ, ನೇರ ಆಸ್ಪತ್ರೆಗೆ.

ಎರಡನೇ ಥರದ ಪಶ್ಚಾತ್ತಾಪ ತಡವಾಗಿ ಬರುತ್ತದೆ. ಆರು ತಿಂಗಳಾಗಿರುತ್ತದೆ, ವರ್ಷ ಆಗಿರುತ್ತದೆ. ಗಾಯ ಮಾಸಿರುತ್ತದೆ. ಎಕ್ಸ್‌ರೇ ಚೆನ್ನಾಗಿರುತ್ತದೆ, ಡಾಕ್ಟರು ಖುಷಿಯಾಗಿರುತ್ತಾರೆ. ಮನುಷ್ಯ ಮಾತ್ರ ಖುಷಿಯಾಗಿರುವುದಿಲ್ಲ. ಇದು ಅಪರೂಪ ಅಂದುಕೊಳ್ಳಬೇಡಿ. ಕೆನಡಾದ ಆಂಟೇರಿಯೋದಲ್ಲಿ 1,703 ಜನರನ್ನು ಒಂದು ವರ್ಷದ ನಂತರ ಕೇಳಿ 2010ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 100ಕ್ಕೆ 19 ಜನ ತೃಪ್ತಿ ಇಲ್ಲ ಅಂದಿದ್ದರು. ಬೇರೆ ಕಡೆ ಕೇಳಿದಾಗಲೂ ಸುಮಾರು ಐದರಲ್ಲಿ ಒಬ್ಬರು ಅಂತಲೇ ಬಂದಿದೆ. ತೃಪ್ತಿ ಇಲ್ಲದಿರೋಕೆ ಆ ಅಧ್ಯಯನದಲ್ಲಿ ಸಿಕ್ಕ ಎಲ್ಲಕ್ಕಿಂತ ದೊಡ್ಡ ಕಾರಣ ಯಾವುದು ಗೊತ್ತಾ? ಇಂಪ್ಲಾಂಟ್ ಅಲ್ಲ, ವಯಸ್ಸು ಅಲ್ಲ. ಅಂದುಕೊಂಡದ್ದು ಒಂದು, ಆದದ್ದು ಇನ್ನೊಂದು ಅನ್ನೋದು.

ನಮ್ಮ ಕಡೆ ಈ ಅಂದುಕೊಳ್ಳುವುದರಲ್ಲಿ ಒಂದು ದೊಡ್ಡ ತೊಡಕಿದೆ. ಅದು ನೆಲ. ನಾವು ನೆಲದ ಜನ. ಹೊಸ ಮಂಡಿ ಸಾಮಾನ್ಯವಾಗಿ 110ರಿಂದ 120 ಡಿಗ್ರಿ ಮಡಚುತ್ತದೆ. ನಡೆಯಲು, ಮೆಟ್ಟಿಲು ಹತ್ತಲು, ಕುರ್ಚಿಯಿಂದ ಏಳಲು ಅಷ್ಟು ಧಾರಾಳ ಸಾಕು. ಚಕ್ಕಳಮಕ್ಕಳ ಹಾಕಿ ಕೂರಲು, ಕುಕ್ಕರಗಾಲಲ್ಲಿ ಕೂರಲು 130ಕ್ಕಿಂತ ಜಾಸ್ತಿ ಬೇಕು. ಮಡಚಿದರೂ ಹಾಗೆ ಕೂರಬೇಡಿ ಅಂತಲೇ ಬಹಳ ಡಾಕ್ಟರುಗಳು ಹೇಳುವುದು, ಪ್ಲಾಸ್ಟಿಕ್ ಬಿಲ್ಲೆಯ ಮೇಲೆ ಭಾರ ಬೀಳುತ್ತದೆ ಅಂತ. ಹೆಚ್ಚು ಮಡಚುವ ಇಂಪ್ಲಾಂಟ್ ಇದೆ ಅಂತ ಹೈ ಫ್ಲೆಕ್ಸ್ ಹೆಸರಿನಲ್ಲಿ ಕೆಲವು ಬಂದವು. ಮಾಮೂಲಿಯದಕ್ಕೆ ಹೋಲಿಸಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಪರೇಶನ್ನಿಗೆ ಮುಂಚೆ ನಿಮ್ಮ ಮಂಡಿ ಎಷ್ಟು ಮಡಚುತ್ತಿತ್ತೋ ಆಮೇಲೂ ಹೆಚ್ಚುಕಮ್ಮಿ ಅದನ್ನೇ ನೆಚ್ಚಿಕೊಳ್ಳಬೇಕು.

ನಾನು ನೋಡುತ್ತಿದ್ದ ಒಬ್ಬರು ಮುಸ್ಲಿಂ ಹೆಂಗಸು, ಅರುವತ್ತರ ಆಸುಪಾಸು. ಒಂದು ದಿನವೂ ಎಕ್ಸರ್ಸೈಸ್ ತಪ್ಪಿಸಿದವರಲ್ಲ. ನನ್ನ ಹತ್ತಿರ ಕೋನ ಅಳೆಯುವ ಒಂದು ಪ್ಲಾಸ್ಟಿಕ್ ಸ್ಕೇಲ್ ಇದೆ, ನಡುವೆ ಮೊಳೆ ಹಾಕಿದ ಎರಡು ಪಟ್ಟಿ ಅಷ್ಟೇ. ಮೂರನೇ ತಿಂಗಳು ಅಳೆದರೆ 118. ನಾನು ಕುಣಿದಾಡುವುದೊಂದು ಬಾಕಿ. ಅವರು ಸ್ಕೇಲನ್ನು ನೋಡಿ, ನನ್ನನ್ನು ನೋಡಿ, "ಇದರಲ್ಲಿ ನಮಾಜಿಗೆ ಕೂರಕ್ಕೆ ಎಷ್ಟು ಬೇಕು?" ಅಂತ ಕೇಳಿದರು. ಮಂಡಿಯೂರಿ ಹಿಮ್ಮಡಿಯ ಮೇಲೆ ಕೂರಬೇಕು, ಮಂಡಿ ಪೂರ್ತಿ ಮಡಚಬೇಕು. ಅದು ಆಗೋದಿಲ್ಲ ಅಂತ ಅವರಿಗೆ ಹೇಳಿದ್ದು ನಾನು, ಆಪರೇಶನ್ ಆಗಿ ಮೂರು ತಿಂಗಳಾದ ಮೇಲೆ. ಕುರ್ಚಿಯಲ್ಲಿ ಕೂತು ಮಾಡಬಹುದು, ಆಗದವರಿಗೆ ಹಾಗೆ ಅವಕಾಶ ಇದೆ, ಅದು ಅವರಿಗೂ ಗೊತ್ತಿತ್ತು. ಆದರೆ ಅವರು ಆಪರೇಶನ್ ಮಾಡಿಸಿಕೊಂಡದ್ದೇ ಮತ್ತೆ ನೆಲದ ಮೇಲೆ ನಮಾಜ್ ಮಾಡಬಹುದು ಅಂತ. ನನ್ನ ಫೈಲಿನಲ್ಲಿ ಆ ದಿನದ ಸಾಲು ಹಾಗೇ ಇದೆ: 118, ತುಂಬಾ ಚೆನ್ನಾಗಿದೆ.

ನಂಜನಗೂಡಿನ ಕಡೆಯ ಇನ್ನೊಬ್ಬರಿಗೆ ಕಳೆ ಕೀಳುವ ಕೆಲಸವೇ ಹೋಯಿತು. ಕೂರದೆ ಕಳೆ ಕೀಳೋದು ಹೇಗೆ? ನೋವು ಹೋಗಿತ್ತು, ಜೊತೆಗೆ ಕೂಲಿಯೂ ಹೋಗಿತ್ತು. ಹಾಗೇ, ಹತ್ತು ವರ್ಷ ಮೊದಲೇ ಮಾಡಿಸಬೇಕಿತ್ತು ಅಂತ ಪಶ್ಚಾತ್ತಾಪ ಪಟ್ಟವರೂ ನನಗೆ ಗೊತ್ತು. ಬಟ್ಟೆ ಹೊಲಿಯುವವರೊಬ್ಬರು ಕಾಲಿನಿಂದ ತುಳಿಯುವ ಮಿಷನ್ನಿಗೆ ಮತ್ತೆ ಕೂತ ದಿನ ನನಗೆ ರವಿಕೆ ಹೊಲಿದು ಕಳಿಸಿದ್ದರು. ಕೆಲಸ ಕುರ್ಚಿಯಲ್ಲಿ ಕೂತು ಮಾಡುವಂಥದ್ದಾದರೆ ಈ ಮಂಡಿ ವರ.

ಈಗ ಅಮ್ಮನ ವಿಷಯ.

ನಮ್ಮದು ಅರಸೀಕೆರೆ ಕಡೆಯ ಹಳ್ಳಿ, ತೆಂಗಿನ ಸೀಮೆ. ಅಮ್ಮನಿಗೆ ಬಲಮಂಡಿ ಬಹಳ ವರ್ಷದಿಂದ ನೋವು. ಕಾಲು ಹೊರಕ್ಕೆ ಬಿಲ್ಲಿನ ಹಾಗೆ ಬಾಗಿತ್ತು, ನಡೆದರೆ ಪಕ್ಕಕ್ಕೆ ವಾಲುತ್ತಿದ್ದಳು. ಎಡಮಂಡಿಯೂ ಆಗಾಗ ಹಿಡಿದುಕೊಳ್ಳುತ್ತಿತ್ತು. ಅವಳಿಗೆ ಅರುವತ್ತನಾಲ್ಕು ಆದ ವರ್ಷ ನಾನೇ ಹಟ ಹಿಡಿದೆ. ದಿನಾ ಬೇರೆಯವರ ಅಮ್ಮಂದಿರನ್ನು ನಡೆಸುತ್ತೇನೆ, ನನ್ನ ಅಮ್ಮ ಹೀಗೆ ವಾಲಿಕೊಂಡು ಓಡಾಡುವುದಾ ಅಂತ. ಡಾಕ್ಟರು ಎಕ್ಸ್‌ರೇ ನೋಡಿ, ಬಲಗಾಲಿಗೆ ಬೇಕೇ ಬೇಕು, ಎಡಗಾಲಿನದ್ದು ಅಷ್ಟು ಕೆಟ್ಟಿಲ್ಲ, ನಿಮ್ಮಿಷ್ಟ ಅಂದರು. "ನಿಮ್ಮಿಷ್ಟ" ಅಂದಾಗ ಅವರು ಅಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನಾನೂ ಅಮ್ಮನನ್ನು ನೋಡಲಿಲ್ಲ. "ಎರಡೂ ಮಾಡಿಬಿಡಿ ಡಾಕ್ಟ್ರೇ, ಒಂದೇ ಸಲ ಮುಗಿದುಹೋಗ್ಲಿ" ಅಂದೆ. ನನ್ನ ರಜೆ, ಅಣ್ಣನ ರಜೆ, ಇನ್ಶೂರೆನ್ಸು, ಎಲ್ಲ ಒಂದೇ ಸಲಕ್ಕೆ ಹೊಂದುತ್ತಿತ್ತು.

ಆಪರೇಶನ್ ಚೆನ್ನಾಗಿಯೇ ಆಯಿತು. ಎರಡೂ ಕಾಲು ಒಟ್ಟಿಗೆ ಆದ್ದರಿಂದ ಊರಲು ಒಳ್ಳೆಯ ಕಾಲು ಅಂತ ಒಂದಿರಲಿಲ್ಲ, ಮೊದಲ ಒಂದೂವರೆ ತಿಂಗಳು ನರಕ. ಆಮೇಲೆ ಹತೋಟಿಗೆ ಬಂತು. ಬಾಗಿದ್ದ ಕಾಲು ನೆಟ್ಟಗಾಯಿತು. ಆರು ತಿಂಗಳಿಗೆ ದೇವಸ್ಥಾನದ ಮೆಟ್ಟಿಲು ಹತ್ತಿದಳು. ನಾನು ಆ ವಿಡಿಯೋವನ್ನು ಕಂಡವರಿಗೆಲ್ಲ ತೋರಿಸಿದೆ, ನನ್ನ ರೋಗಿಗಳಿಗೂ ತೋರಿಸಿದೆ, ನೋಡಿ ನಮ್ಮಮ್ಮ ಅಂತ.

ವರ್ಷ ತುಂಬುವ ಹೊತ್ತಿಗೆ ಊರಿಗೆ ಹೋಗಿದ್ದಾಗ ಕಸ ಗುಡಿಸುತ್ತಾ ಮಂಚದ ಕೆಳಗೆ ಪೊರಕೆ ಹಾಕಿದೆ. ಏನೋ ತಗುಲಿತು. ಎಳೆದರೆ ಈಳಿಗೆಮಣೆ. ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿತ್ತು. ನಿಮ್ಮಲ್ಲಿ ಹೆಂಗಸರಿಗೆ ವಿವರಿಸಬೇಕಿಲ್ಲ. ಒಂದು ಕಾಲು ಮಡಚಿ ಹಲಗೆಯ ಮೇಲೆ ಕೂತು, ಇನ್ನೊಂದನ್ನು ಚಾಚಿ, ತುದಿಯಲ್ಲಿರುವ ಹಲ್ಲಿಗೆ ತೆಂಗಿನ ಹೋಳು ಒತ್ತಿ ತಿರುಗಿಸುತ್ತಾ ತುರಿಯೋದು. ಹಲಗೆಯ ನಡುವೆ ಅಮ್ಮ ಕೂತು ಕೂತು ನುಣುಪಾಗಿ ತಗ್ಗಾಗಿತ್ತು. ಅದು ಅಜ್ಜಿಯ ಕಾಲದ್ದು. ನಾನು ತಂದುಕೊಟ್ಟಿದ್ದ ಹಿಡಿ ತಿರುಗಿಸುವ ತುರಿಯುವ ಮಿಷನ್ನು ಅಡುಗೆಕಟ್ಟೆಯ ಮೇಲಿತ್ತು, ಅದರಲ್ಲೇ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ. "ಇದ್ಯಾಕಮ್ಮ ಇಲ್ಲಿ?" ಅಂದೆ. "ಕಣ್ಣಿಗೆ ಬೀಳೋದು ಬೇಡ ಅಂತ" ಅಂದಳು, ಅಷ್ಟೇ.

ಅವತ್ತು ಸಂಜೆ ಇಬ್ಬರೂ ಜಗಲಿಯಲ್ಲಿ ಕೂತು ಎಣಿಸಿದೆವು, ಆಪರೇಶನ್ನಿಗೆ ಮುಂಚೆ ಅಮ್ಮ ದಿನಕ್ಕೆ ಎಷ್ಟು ಸಲ ನೆಲಕ್ಕೆ ಕೂರುತ್ತಿದ್ದಳು ಅಂತ. ರಂಗೋಲಿಗೆ. ದೇವರ ಮುಂದೆ. ತರಕಾರಿ ಹೆಚ್ಚೋಕೆ, ಕಾಯಿ ತುರಿಯೋಕೆ. ಮಧ್ಯಾಹ್ನದ ಊಟಕ್ಕೆ. ಅಕ್ಕಿ ಆರಿಸೋಕೆ. ಪಕ್ಕದ ಮನೆಯವರು ಬಂದರೆ ಹೂ ಕಟ್ಟುತ್ತಾ ಮಾತಿಗೆ. ರಾತ್ರಿ ಊಟಕ್ಕೆ. ಟಾಯ್ಲೆಟ್ಟು ಬಿಟ್ಟೇ ಎಂಟಾಯಿತು. ನೋವಿದ್ದರೂ ಕೂರುತ್ತಿದ್ದಳು, ಏಳುವಾಗ ನೆಲಕ್ಕೆ ಕೈ ಊರಿ "ಅಮ್ಮಾ" ಅನ್ನುತ್ತಿದ್ದಳು. ನಾನು ಆ "ಅಮ್ಮಾ" ಕೇಳಿಸಿಕೊಂಡಿದ್ದೆ. ಎಂಟು ಸಲ ಕೂರುತ್ತಿದ್ದದ್ದನ್ನು ಕಂಡಿರಲಿಲ್ಲ. ನಾನು ಫಿಸಿಯೋ. ಗೊತ್ತಿಲ್ಲದೆ ಆದದ್ದಲ್ಲ ಇದು, ಕೇಳದೆ ಆದದ್ದು.

ಅದಾದ ಮೇಲೆ ಆಪರೇಶನ್ ಮಾಡಿಸಬೇಕು ಅಂತ ಬರುವ ಪ್ರತಿಯೊಬ್ಬರಿಗೂ ಮೊದಲು ಕೇಳುವುದು ಅದನ್ನೇ: ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ನೆಲಕ್ಕೆ ಎಷ್ಟು ಸಲ ಕೂರುತ್ತೀರಿ? ಯಾವುದಕ್ಕೆ? ಅದರಲ್ಲಿ ಯಾವುದು ಬಿಟ್ಟರೆ ಪರವಾಗಿಲ್ಲ, ಯಾವುದು ಬಿಡೋಕೆ ಆಗಲ್ಲ? ಮಕ್ಕಳು ಉತ್ತರ ಹೇಳಲು ಬಾಯಿ ತೆರೆದರೆ ನಿಲ್ಲಿಸುತ್ತೇನೆ. ಅವರೇ ಹೇಳಲಿ. ಕೆಲವರು ಪಟ್ಟಿ ಮಾಡಿ, ಯೋಚನೆ ಮಾಡಿ, "ಪರವಾಗಿಲ್ಲ, ನಡೆದರೆ ಸಾಕು" ಅನ್ನುತ್ತಾರೆ. ಅಂಥವರು ಮೂರನೇ ವಾರದ ನೋವನ್ನೂ ತಡೆದುಕೊಳ್ಳುತ್ತಾರೆ, ನೆಲ ಕಳೆದುಕೊಂಡದ್ದನ್ನೂ. ಯಾಕೆಂದರೆ ಅದು ಅವರೇ ಕೊಟ್ಟ ಬೆಲೆ. ಕೆಲವರು ವಾಪಸ್ ಹೋಗುತ್ತಾರೆ. ಅದೂ ಒಳ್ಳೆಯದೇ.

ವಾಪಸ್ ಹೋದರೆ ಏನಾಗುತ್ತೆ ಅಂತ ಭಯ ಬೇಡ. ಡೆನ್ಮಾರ್ಕಿನಲ್ಲಿ ಆಪರೇಶನ್ ಬೇಕು ಅಂತ ಡಾಕ್ಟರೇ ಹೇಳಿದ್ದ 100 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು, 2015ರಲ್ಲಿ ಅದು ಪ್ರಕಟವಾಯಿತು. ಎಲ್ಲರಿಗೂ 12 ವಾರ ವ್ಯಾಯಾಮ, ತೂಕ ಇಳಿಸುವ ಸಲಹೆ, ಔಷಧಿ. ಅರ್ಧ ಜನರಿಗೆ ಅದಕ್ಕೂ ಮೊದಲು ಆಪರೇಶನ್ನು. ಒಂದು ವರ್ಷದ ನಂತರ ನೋಡಿದರೆ ಆಪರೇಶನ್ ಆದವರಿಗೆ ಸುಮಾರು ಎರಡು ಪಟ್ಟು ಜಾಸ್ತಿ ಸುಧಾರಣೆ. ಅದನ್ನು ಮುಚ್ಚಿಡಬಾರದು. ಆದರೆ ತೊಂದರೆಗಳೂ ಅವರಿಗೇ ಜಾಸ್ತಿ ಆದವು. ಮತ್ತು ಬರೀ ವ್ಯಾಯಾಮದ ಗುಂಪಿನ 50 ಜನರಲ್ಲಿ ಆ ವರ್ಷದೊಳಗೆ ಆಪರೇಶನ್ ಮಾಡಿಸಿಕೊಂಡವರು 13 ಮಂದಿ ಮಾತ್ರ. ಉಳಿದವರಿಗೆ ಸದ್ಯಕ್ಕೆ ಸಾಕು ಅನ್ನಿಸಿತ್ತು. ಕಾಯುವ ಮಂಡಿಗೆ ಕಾಯಲು ಬರುತ್ತದೆ ಅಂತ ನಾನು ಇದರಿಂದ ತಿಳಿದುಕೊಂಡೆ. ಇನ್ನೊಂದು ವಿಷಯ, ಸವೆತ ಅಷ್ಟಾಗಿ ಇಲ್ಲದಿರುವಾಗಲೇ ಬದಲಾಯಿಸಿಕೊಂಡವರಲ್ಲಿ ಆಮೇಲೆ ತೃಪ್ತಿ ಇಲ್ಲ ಅನ್ನುವವರು ಜಾಸ್ತಿ. ಪೂರ್ತಿ ಕೆಟ್ಟ ಮಂಡಿಯಿಂದ ಹೊಸ ಮಂಡಿಗೆ ಬಂದವರಿಗೆ ಸ್ವರ್ಗ. ಅರ್ಧ ಚೆನ್ನಾಗಿದ್ದದ್ದನ್ನು ಕೊಟ್ಟು ಬಂದವರಿಗೆ ಹಾಗನ್ನಿಸುವುದಿಲ್ಲ.

ಮಕ್ಕಳಿಗೂ ಒಂದು ಮಾತು, ಇಲ್ಲಿ ಕೆಲವರು ಅಪ್ಪ ಅಮ್ಮನನ್ನು ಕರೆದುಕೊಂಡು ಬಂದಿದ್ದೀರಿ. ಆಪರೇಶನ್ ಆದ ಮೇಲೆ ನಾವು ಫೋನಿನಲ್ಲಿ ಕೇಳೋದು ಹೇಗೆ? "ಈಗ ಆರಾಮಾ ಅಮ್ಮ? ನೋವಿಲ್ಲ ಅಲ್ವಾ?" ಹೀಗೆ ಕೇಳಿದರೆ ಅವರು ಇನ್ನೇನು ಹೇಳಬೇಕು? ದುಡ್ಡು ಹಾಕಿದವರು ನಾವು, ರಜೆ ಹಾಕಿದವರು ನಾವು. ಅವರು "ಆರಾಮು ಕಣಪ್ಪ" ಅಂದುಬಿಡುತ್ತಾರೆ. ಈ ಕಾಲು ನನಗೆ ಬೇಕಿರಲಿಲ್ಲ ಅಂತ ನಮ್ಮ ಮುಖ ನೋಡಿಕೊಂಡು ಹೇಳಲು ಅವರಿಗೆ ಬಾಯಿ ಬರುವುದಿಲ್ಲ. ನನ್ನಂಥ ಹೊರಗಿನವರ ಹತ್ತಿರ ಹೇಳುತ್ತಾರೆ, ಅದೂ ಬಾಗಿಲು ಮುಚ್ಚಿ. ನಿಮ್ಮ ಹತ್ತಿರ ಹೇಳಬೇಕು ಅಂದರೆ "ಅಲ್ವಾ" ಸೇರಿಸದೆ ಕೇಳಬೇಕು. ಕೇಳಿದ ಮೇಲೆ ತಕ್ಷಣ ಸಮಾಧಾನ ಹೇಳಲು ಹೋಗಬಾರದು.

ಕೊನೆಗೆ ಪ್ರಶ್ನೆ ಕೇಳಲು ಬಿಟ್ಟಾಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. "ಇಷ್ಟೆಲ್ಲ ಹೇಳಿದ್ರಿ, ಈಗ ನಾನು ಮಾಡಿಸ್ಬೇಕಾ ಬೇಡ್ವಾ?" ಎಲ್ಲರೂ ನಕ್ಕರು, ಅವರು ನಗಲಿಲ್ಲ. ನಿಜವಾಗಿಯೇ ಕೇಳುತ್ತಿದ್ದರು. ರಾತ್ರಿ ನೋವಿಗೆ ಎಚ್ಚರ ಆಗುತ್ತಾ ಅಂತ ಕೇಳಿದೆ, ದಿನಾ ಆಗುತ್ತೆ ಅಂದರು. ಎಷ್ಟು ದೂರ ನಡೆಯುತ್ತೀರಿ ಅಂದೆ, ಬೀದಿ ಕೊನೆಯ ಹಾಲಿನ ಬೂತಿನವರೆಗೆ. ವ್ಯಾಯಾಮ ಮಾಡಿದ್ದೀರಾ? ಒಂದು ವರ್ಷ ಮಾಡಿದೆ. ನೆಲಕ್ಕೆ? "ಕೂತು ಐದು ವರ್ಷ ಆಯ್ತಮ್ಮ." ಹಾಗಾದರೆ ನೀವು ಕಳೆದುಕೊಳ್ಳುವುದು ಕಮ್ಮಿ, ಡಾಕ್ಟರ ಹತ್ತಿರ ಮಾತಾಡಿ, ಒಂದೊಂದೇ ಕಾಲು ಆಗುತ್ತಾ ಕೇಳಿ ಅಂದೆ. ಬಾಳಿಕೆ ಎಷ್ಟು ಅಂತ ಪಕ್ಕದವರು ಕೇಳಿದರು. 2019ರಲ್ಲಿ ಬಂದ ದೊಡ್ಡ ಲೆಕ್ಕದ ಪ್ರಕಾರ ಇಂಥ ಮಂಡಿಗಳಲ್ಲಿ 100ಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬರುತ್ತವೆ. ಅವರ ವಯಸ್ಸಿಗೆ ಆ ಚಿಂತೆ ಬೇಕಿಲ್ಲ.

ಸಭೆ ಮುಗಿದ ಮೇಲೆ ಒಬ್ಬ ಹುಡುಗಿ ಬಂದು ಕೇಳಿದಳು, ನಿಮ್ಮ ಅಮ್ಮನಿಗೆ ಈಗ ಪಶ್ಚಾತ್ತಾಪ ಇದೆಯಾ ಅಂತ. ಸಭೆಯಲ್ಲಿ ಅದನ್ನು ಹೇಳಲು ಆಗಿರಲಿಲ್ಲ, ಇಲ್ಲಿ ಬರೆಯುತ್ತೇನೆ.

ಪಶ್ಚಾತ್ತಾಪವನ್ನು ಅಳೆಯಲು ಐದು ಸಾಲಿನ ಒಂದು ಪ್ರಶ್ನೆಪಟ್ಟಿ ಇದೆ, 2003ರಲ್ಲಿ ಕೆನಡಾದವರು ಮಾಡಿದ್ದು. ಮತ್ತೆ ಆರಿಸಿಕೊಳ್ಳಬೇಕಾಗಿ ಬಂದರೆ ಇದನ್ನೇ ಆರಿಸಿಕೊಳ್ಳುತ್ತಿದ್ದಿರಾ ಅನ್ನೋದು ಅದರಲ್ಲಿ ಒಂದು. ರೋಗಿಗಳಿಗೆ ಕೇಳುತ್ತೇನೆ. ಅಮ್ಮನಿಗೆ ಕೇಳಲು ಎರಡು ವರ್ಷ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಊರಿನ ಬಡಗಿ ಈಳಿಗೆಮಣೆಯನ್ನು ಮಂಡಿ ಎತ್ತರದ ಒಂದು ಬೆಂಚಿಗೆ ಹೊಂದಿಸಿ ಕೊಟ್ಟಿದ್ದ. ಅಮ್ಮ ಹಿತ್ತಿಲ ಬಾಗಿಲ ಹತ್ತಿರ ಅದರ ಮೇಲೆ ಕುದುರೆ ಹತ್ತಿದ ಹಾಗೆ ಆ ಕಡೆ ಒಂದು ಈ ಕಡೆ ಒಂದು ಕಾಲು ಹಾಕಿಕೊಂಡು ಕೂತು ಕಾಯಿ ತುರಿಯುತ್ತಿದ್ದಳು. ಕೇಳಿದೆ.

ಹೋಳು ಹಿಡಿದ ಕೈ ನಿಂತಿತು. "ಬಲಗಾಲು ಮಾಡಿಸ್ಕೊಳ್ತಿದ್ದೆ ಕಣೆ ಪುಟ್ಟಿ. ನಾಳೆ ಅಂದ್ರೂ ಮಾಡಿಸ್ಕೊಳ್ತೀನಿ." ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಎಡಗಾಲಿಗೆ ಇನ್ನೊಂದೆರಡು ವರ್ಷ ಕಾಯ್ತಿದ್ದೆ. ಅದು ಅಷ್ಟು ನೋಯ್ತಿರ್ಲಿಲ್ಲ."

"ಆವತ್ತೇ ಯಾಕೆ ಹೇಳ್ಲಿಲ್ಲ ಅಮ್ಮ?"

"ನೀನು ಕೇಳ್ಲಿಲ್ವಲ್ಲ" ಅಂದಳು. ಬೈದ ಹಾಗೆ ಇರಲಿಲ್ಲ. ಹೋಳನ್ನು ಹಲ್ಲಿಗೆ ಒತ್ತಿ ಮತ್ತೆ ತುರಿಯಲು ಶುರು ಮಾಡಿದಳು. ನಾನು ತಟ್ಟೆಯನ್ನು ಅವಳ ಕೈ ಕೆಳಗೆ ಸ್ವಲ್ಪ ಹತ್ತಿರಕ್ಕೆ ಸರಿಸಿದೆ.